ಮಾದರಿ ಹದಿನಾಲ್ಕು

ನಿಜ್ವಾ ಪೇಟೆ ದಾಟಿ ತನೂಫಿಗೆ ಹೋಗುವ ದಾರಿಯಲ್ಲಿ ನಮ್ಮ ಲ್ಯಾಬು.
ಎರಡು ಕೋಣೆ, ಕೆಮ್ಮುವ ಒಂದು ಏಸಿ.
ಭಾನುವಾರ ಏಳಕ್ಕೆ ಸರಿಯಾಗಿ ಮುದುಕ ಖಲ್ಫಾನ್
ಪಿಕಪ್ಪಿನಿಂದ ಇಳಿಸುತ್ತಿದ್ದ ಐದು ಚೀಲ:
ಎಲೆ, ತೊಗಟೆ, ಬೇರು, ಹಣ್ಣು, ಬೀಜ.
ಮೊದಲ ದಿನ ಅವನು "ಸಿದ್ರ್" ಅಂದ.
ನಾನು ಮೂಸಿ ನೋಡಿ "ಬಾರಿ" ಅಂದೆ.
ಲಿಂಗಸುಗೂರಿನ ಹೊಲದ ಬದುವಿನಲ್ಲಿ
ನನ್ನ ಲಂಗ ಹರಿದದ್ದು ಇದರ ಅಕ್ಕನ ಮುಳ್ಳೇ.

ಎಲೆ ನೆರಳಲ್ಲಿ ಒಣಗಬೇಕು. ಅರೆದು, ಜರಡಿ ಹಿಡಿದು,
ಚಿಟಿಕೆ ಪುಡಿ ನೀರಿಗೆ ಹಾಕಿ ನಳಿಕೆ ಕುಲುಕಿದರೆ
ನೊರೆ.
ಹದಿನೈದು ನಿಮಿಷ ಇಳಿಯದೆ ನಿಂತರೆ
ಸಪೋನಿನ್ ಇದೆ ಎಂದು ಬರೆಯಬೇಕು.
ನಿಂತಿತು. ಬರೆದೆ.
ತೊಗಟೆಯ ಕಷಾಯಕ್ಕೆ ಕಬ್ಬಿಣದ ಲವಣ ಎರಡೇ ಹನಿ,
ದೌತಿಯ ಮಸಿಯ ಹಾಗೆ ಕಪ್ಪಿಟ್ಟಿತು: ಟ್ಯಾನಿನ್.
ಬೇರು ಮಾತ್ರ ಹಟಮಾರಿ. ಮೂರು ದಿನ ಮೆಥನಾಲಿನಲ್ಲಿ ಕೂತು
ಕೊನೆಗೆ ಇಟ್ಟಿಗೆ ಬಣ್ಣದ ಗಸಿ ಬಿಟ್ಟಿತು.
ಅಲ್ಕಲಾಯ್ಡು. ನಿದ್ದೆ ಬಾರದವರಿಗೆ ಆಗಬಹುದು
ಎನ್ನುತ್ತಾರೆ ಡಾಕ್ಟರಮ್ಮ,
'ಬಹುದು' ಎಂಬಲ್ಲಿ ದನಿ ತಗ್ಗಿಸಿ.

ಖಲ್ಫಾನ್ ಕಾವಾ ಬಗ್ಗಿಸಿಕೊಂಡು
ನನ್ನ ಕೋಷ್ಟಕವನ್ನು ತಲೆಕೆಳಗಾಗಿ ನೋಡುತ್ತಿದ್ದ.
"ಮುಳ್ಳಿಗೆ ಮನೆ ಇಲ್ಲವಾ ಇದರಲ್ಲಿ?"
ಅವನದು ಪಿಕಪ್ಪಿನ ಹಿಂದಿ, ಅರ್ಧ ಅರಬ್ಬಿ.
ಮುಳ್ಳಲ್ಲಿ ಏನಿದೆ ಅಜ್ಜ, ಎಂದೆ.
"ಮುಳ್ಳಿಲ್ಲದಿದ್ದರೆ ನನ್ನ ಆಡುಗಳು
ನಿನಗೆ ಎಲೆ ಉಳಿಸುತ್ತಿದ್ದವಾ?"

ಹಣ್ಣಿನ ಚೀಲ ಪೂರ್ತಿ ಒಲೆಗೆ ಹೋಗುತ್ತಿರಲಿಲ್ಲ, ನಿಜ ಹೇಳುತ್ತೇನೆ.
ಹುಳಿ ಕಡಿಮೆ, ಹಿಟ್ಟು ಹಿಟ್ಟು, ಆದರೂ ಬಾರಿಯೇ.
ನನಗೆ ವರ್ಷ ತುಂಬಿದ ಸಂಕ್ರಾಂತಿಗೆ
ಅಜ್ಜಿ ತಲೆಯ ಮೇಲೆ ಒಂದು ಸೇರು ಬಾರಿಹಣ್ಣು ಎರೆದಿದ್ದಳಂತೆ;
ಫೋಟೋದಲ್ಲಿ ಬಾಯಿ ತೆರೆದು ಅಳುತ್ತಿದ್ದೇನೆ,
ಕೂದಲಲ್ಲಿ ಒಂದು ಹಣ್ಣು ಸಿಕ್ಕಿಕೊಂಡಿದೆ.
ಹೇಳಿದೆ. ಮುದುಕ ಹೊಟ್ಟೆ ಹಿಡಿದು ನಕ್ಕ.
"ನೀವು ಹಣ್ಣಿನಿಂದ ಶುರು ಮಾಡುತ್ತೀರಿ," ಎಂದ,
"ನಾವು—"
ಅಷ್ಟರಲ್ಲಿ ಹೊರಗೆ ಯಾರೋ ಹಾರ್ನ್ ಹೊಡೆದರು,
ಅವನ ಪಿಕಪ್ಪು ಅಡ್ಡ ಇತ್ತು.

ಮುಂದಿನ ಬುಧವಾರ, ನಾನಿನ್ನೂ ಬೀಗ ತೆಗೆಯುತ್ತಿದ್ದೆ,
ಅವನ ಮಗಳು ಮೌಜಾ ಬಾಗಿಲಲ್ಲಿ.
ಕಣ್ಣು ಒಣಗಿತ್ತು, ಚಪ್ಪಲಿ ಎರಡು ಜೊತೆಯದು.
ರಾತ್ರಿ ಎರಡಕ್ಕೆ, ಎಂದಳು. ನಿದ್ದೆಯಲ್ಲೇ.
ಅಣ್ಣಂದಿರು ಮೀಯಿಸಲು ನೀರು ಇಟ್ಟಿದ್ದಾರೆ.
ಮನೆಯಲ್ಲಿದ್ದ ಎಲೆಪುಡಿ ಅಮ್ಮನಿಗೆ ಮುಗಿದಿತ್ತು.
ಅಂಗಡಿಯದು ಸಿಗುತ್ತದೆ, ಗೊತ್ತು,
ಆದರೆ ಅಪ್ಪ ಕೈಯಾರೆ ಕೊಯ್ದದ್ದು ನಿಮ್ಮಲ್ಲಿ—

ಮಾದರಿ ಹದಿನಾಲ್ಕು. ಎಲೆ.
ಶೀಷೆ ಇಳಿಸಿ ತಕ್ಕಡಿಯ ಮೇಲಿಟ್ಟೆ, ರೂಢಿ ನೋಡಿ;
ತೋರಿಸಿದ ಅಂಕಿ ಓದಲಿಲ್ಲ.
"ಇದಕ್ಕೆ ಔಷಧ ಗಿವಷಧ ಏನಾದರೂ ತಾಗಿದೆಯಾ?"
ನೆರಳು ಬಿಟ್ಟು ಏನೂ ತಾಗಿಲ್ಲ, ಎಂದೆ.
ಅವಳು ಕಾಗದದ ಪೊಟ್ಟಣವನ್ನು
ಎರಡೂ ಅಂಗೈಯಲ್ಲಿ, ತುಂಬಿದ ಬಟ್ಟಲಿನಂತೆ ಹಿಡಿದು ಹೋದಳು.

ಮಧ್ಯಾಹ್ನ ದಾಖಲೆ ಪುಸ್ತಕದಲ್ಲಿ ಬರೆದೆ:
ಹದಿನಾಲ್ಕು, ಎಲೆ, ಉಳಿದದ್ದು ಸೊನ್ನೆ. ಕಾರಣ: ಬಳಕೆ.
ಡಾಕ್ಟರಮ್ಮ ಆ ಸಾಲಿನ ಮೇಲೆ ಬೆರಳಿಟ್ಟು
ನನ್ನನ್ನೊಮ್ಮೆ ನೋಡಿ, ಪೆನ್ನಿನ ಕ್ಯಾಪು ತೆಗೆದು
ಸಹಿ ಹಾಕಿದರು.

ಶೀಷೆ ತೊಳೆಯಬೇಕಿತ್ತು.
ತಳದಲ್ಲಿ ಉಗುರಿನಷ್ಟು ಪುಡಿ ಅಂಟಿಕೊಂಡಿತ್ತು;
ನೀರು ಬಿಟ್ಟು ಕುಲುಕಿದೆ,
ಕತ್ತಿನವರೆಗೆ ನೊರೆ.
ಅದು ಎಷ್ಟು ಹೊತ್ತು ನಿಂತಿತೋ,
ನಾನು ಗಡಿಯಾರ ನೋಡಲಿಲ್ಲ.